ಏಳು ಪೆಟ್ಟಿಗೆ, ಒಂದು ಬಸ್ಸು

ಡಬ್ಬಿ ಮೇಸ್ತ್ರಿಯ ಅಂಗಡಿಗೆ ಕೆಟ್ಟ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಹೋದವರು, ರಿಪೇರಿಯಾದ ಇಸ್ತ್ರಿಪೆಟ್ಟಿಗೆಯ ಜೊತೆಗೆ ಒಂದು ಭಾಷಣವನ್ನೂ ಕಟ್ಟಿಸಿಕೊಂಡು ಬರುವ ಕಾಲವೊಂದಿತ್ತು. “ಫ್ಯಾನು ತಿರುಗೋ ಸದ್ದು ಕೇಳಿದ್ರೆ ಸಾಕು, ಯಾವ ಬೇರಿಂಗ್ ಹೋಗಿದೆ ಅಂತ ಬೀದಿಯಲ್ಲೇ ನಿಂತು ಹೇಳ್ತೀನಿ. ಕಿವಿ ಅಂದ್ರೆ ನಂದು ಕಿವಿ!” ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ಈಗ ಯಾರಾದರೂ ಅವನ ಕಿವಿಯನ್ನು ಹೊಗಳಿದರೆ ಸ್ಟೂಲಿನ ಮೇಲೆ ಕೂತಲ್ಲಿಂದಲೇ ಎರಡೂ ಕೈಯೆತ್ತಿ ಮುಗಿಯುತ್ತಾನೆ. “ಅದೊಂದು ವಿಷಯ ಬಿಟ್ಬಿಡಿ ಸ್ವಾಮಿ, ಮಾನ ಹೋಗಿದ್ದು ಸಾಕು” ಅನ್ನುತ್ತಾನೆ. ನೀವು ಬಿಡಬೇಡಿ. ಒತ್ತಾಯ ಮಾಡಿದರೆ ಹೇಳುತ್ತಾನೆ. ಹೇಳುತ್ತ ಹೇಳುತ್ತ ತನ್ನನ್ನು ತಾನೇ ಬೈದುಕೊಳ್ಳುತ್ತಾನೆ. ಬೈದುಕೊಂಡದ್ದು ಸಾಲದೆಂದು ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.

ಅವನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಎಲ್ಲಿ ಹಳೇ ಸ್ಪೀಕರ್ ಪೆಟ್ಟಿಗೆ ಬಿದ್ದಿದ್ದರೂ ತಲೆ ಮೇಲೆ ಹೊತ್ತು ತರುವ ಚಟವಿದ್ದುದರಿಂದ ಊರಿಗೆಲ್ಲ ಅವನು ಡಬ್ಬಿ ಮೇಸ್ತ್ರಿ. ವಯಸ್ಸು ಐವತ್ತಾರು. ವಾರವಿಡೀ ಮಿಕ್ಸಿ, ಫ್ಯಾನು, ನೀರೆತ್ತುವ ಮೋಟರು. ಇಂಥ ಕೆಲಸಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಮಿಕ್ಸಿ ಸರಿಹೋಯಿತೆಂದರೆ ಮೇಸ್ತ್ರಿಯ ನೆನಪೂ ಹೋಯಿತು, ಮತ್ತೆ ಕೆಟ್ಟಾಗಲೇ ಅವನ ಮುಖ ನೆನಪಾಗುವುದು. ಆದರೆ ಮೂರು ತಿಂಗಳಿಗೊಮ್ಮೆ, ಗ್ರಂಥಾಲಯದ ಮಹಡಿಯ ಮೇಲಿನ ಹಾಲಿನಲ್ಲಿ, ಅವನೂ ಒಬ್ಬ ದೊಡ್ಡ ಮನುಷ್ಯ.

ಆ ಹಾಲಿನಲ್ಲಿ ನಡೆಯುವುದು ಕಿವಿನಾಟಕ. ನೋಡುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ನಡುವೆ ನಲವತ್ತು ಕುರ್ಚಿ, ಸುತ್ತ ಗೋಡೆಗುಂಟ ಏಳು ಸ್ಪೀಕರು. ಕಿಟಕಿಗಳಿಗೆ ದಪ್ಪ ಕಪ್ಪು ಪರದೆ ಎಳೆದು ದೀಪ ಆರಿಸಿದರೆ ಸಂಜೆ ನಾಲ್ಕಕ್ಕೇ ಕಗ್ಗತ್ತಲು. ಮೊದಲೇ ರೆಕಾರ್ಡು ಮಾಡಿಟ್ಟ ನಾಟಕ ಕತ್ತಲಲ್ಲಿ ಕೂತವರ ಸುತ್ತ ನಡೆಯುತ್ತದೆ. ಹಿಂದಿನಿಂದ ಯಾರೋ ಬಾಗಿಲು ತಟ್ಟುತ್ತಾರೆ, ಎಡಗಡೆಯಿಂದ ಹೆಜ್ಜೆ ಸದ್ದು ಬರುತ್ತದೆ, ಬಲಗಡೆ ಲೋಟ ಬಿದ್ದು ಒಡೆಯುತ್ತದೆ. ನಾಟಕ ಬರೆಯುವವರು, ಮಾತಾಡುವವರು ಎಲ್ಲ ಊರಿನವರೇ: ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಅಂಚೆ ಕಚೇರಿಯವರು, ಹೀಗೆ. ಮುಂದಾಳು ನಿವೃತ್ತ ಹೆಡ್‌ಮಿಸ್ಟ್ರೆಸ್ಸು, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ. ಸದ್ದನ್ನು ಎಲ್ಲಿಂದ ಎಲ್ಲಿಗೆ ಓಡಿಸಬೇಕು ಅನ್ನುವುದೆಲ್ಲ ಡಬ್ಬಿ ಮೇಸ್ತ್ರಿಯ ಪಾಲು. ಹನ್ನೊಂದು ವರ್ಷದಿಂದ ಅವನದೇ ದರ್ಬಾರು.

ಏಳು ಸ್ಪೀಕರು ಅಂದೆವಲ್ಲ, ಆ ಏಳರಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲ. ಎಲ್ಲ ಮೇಸ್ತ್ರಿ ಬೇರೆ ಬೇರೆ ಕಡೆಯಿಂದ ಹೊತ್ತು ತಂದವು, ಎಲ್ಲಕ್ಕೂ ಅವನೇ ನಾಮಕರಣ ಮಾಡಿದ್ದ. ಮುಂದಿನ ಎರಡು ಮೂಲೆಯಲ್ಲಿ ಮುಚ್ಚಿಹೋದ ಸಿನಿಮಾ ಮಂದಿರದಿಂದ ಬಂದ ಆಳೆತ್ತರದ ಜೋಡಿ: ದೊಡ್ಡಪ್ಪ, ದೊಡ್ಡಮ್ಮ. ಇವು ಬಾಯಿ ತೆರೆದರೆ ಎದೆಗೂಡು ನಡುಗುತ್ತದೆ. ಎರಡು ಪಕ್ಕದ ಗೋಡೆಗೆ ಒಂದೊಂದು ಮರದ ಪೆಟ್ಟಿಗೆ. ನೋಡಲಿಕ್ಕೆ ಒಂದೇ ತರ, ದನಿಯಲ್ಲಿ ಹಾವು ಮುಂಗುಸಿ. ಅವು ಷಡ್ಡಕರು. ಹಿಂದೆ ಎಡಮೂಲೆಯಲ್ಲಿ ಬಸ್ ನಿಲ್ದಾಣದಿಂದ ಬಂದ ಕಹಳೆಯಾಕಾರದ ತಗಡಿನ ಸ್ಪೀಕರು, ಕಿರಿಚುವುದು ಬಿಟ್ಟರೆ ಬೇರೆ ಗೊತ್ತಿಲ್ಲ. ಅದು ಸೋದರತ್ತೆ. ಹಿಂದಿನ ಗೋಡೆಯ ನಡುವೆ ಹೋಟೆಲಿನ ಛಾವಣಿಯಿಂದ ಕಳಚಿ ತಂದ ದುಂಡನೆಯದು, ಏನು ಹೇಳಿದರೂ ಮೂಗಿನಲ್ಲೇ ಹೇಳುವುದು, ಅದು ಭಾವ. ಬಲಮೂಲೆಯಲ್ಲಿ ಅಂಗೈಯಗಲದ ರೇಡಿಯೋ ಸ್ಪೀಕರು, ಕೂಸು. ಪಾಪ, ಎಷ್ಟು ಉಸಿರುಗಟ್ಟಿ ಕೂಗಿದರೂ ಕೂಸಿನ ದನಿ ಅಷ್ಟೇ.

ನಾಲ್ಕು ಜನ ಮಾತಾಡುವ ನಾಟಕಗಳಿಗೆ ಈ ಸಂಸಾರ ಹೇಗೋ ಸಾಗುತ್ತಿತ್ತು. ಹಾಳಾದ ಬಸ್ಸು ಬಂತು ನೋಡಿ, ಬಣ್ಣ ಬಯಲಾಯಿತು.

ಕಥೆ ದೊಡ್ಡ ಮೇಡಂ ಬರೆದದ್ದು. ನಾಳೆ ನಿವೃತ್ತನಾಗುವ ಒಬ್ಬ ಬಸ್ ಡ್ರೈವರು. ಕೊನೆಯ ಟ್ರಿಪ್ಪಿನಲ್ಲಿ ಉಳಿದಿರುವುದು ಒಬ್ಬಳೇ ಮುದುಕಿ. ತಾನು ಎಲ್ಲಿ ಇಳಿಯಬೇಕೆಂಬುದೇ ಅವಳಿಗೆ ಮರೆತಿದೆ. ಇಳಿಸಿ ಹೋಗಲಾರದೆ ಅವನು ಊರಿನ ಸರ್ಕಲ್ಲಿನ ಸುತ್ತ ಬಸ್ಸನ್ನು ಸುತ್ತಿಸುತ್ತಲೇ ಇರುತ್ತಾನೆ, ಅವಳಿಗೆ ನೆನಪಾಗುವ ತನಕ. ಕೇಳುವವರು ಆ ಸರ್ಕಲ್ಲಿನ ನಡುವೆ ಕೂತಂತೆ. ಬಸ್ಸು ಅವರ ಸುತ್ತ ಹೊರಡಬೇಕು.

ಹೊರಟಿತು. ದೊಡ್ಡಪ್ಪನ ಮೂಲೆಯಲ್ಲಿ ಗುಡುಗುಡು ಎಂದು ಎದ್ದ ಬಸ್ಸು ದೊಡ್ಡಮ್ಮನ ತನಕ ಬಸ್ಸಾಗಿಯೇ ಬಂತು. ಬಲಗಡೆಯ ಷಡ್ಡಕನ ಹತ್ತಿರ ಬರುವಷ್ಟರಲ್ಲಿ ಆಟೋರಿಕ್ಷಾ ಆಯಿತು. ಕೂಸಿನ ಹತ್ತಿರ ಹೊಲಿಗೆ ಮಷೀನು. ಭಾವನ ಹತ್ತಿರ ನೆಗಡಿಯಾದ ಹೊಲಿಗೆ ಮಷೀನು. ಸೋದರತ್ತೆಯ ಹತ್ತಿರ ದೊಡ್ಡದೊಂದು ಸೊಳ್ಳೆ. ಆಮೇಲೆ ಎಡಗಡೆಯ ಷಡ್ಡಕನನ್ನು ದಾಟಿ ದೊಡ್ಡಪ್ಪನ ಮೂಲೆಗೆ ಬಂದದ್ದೇ ಧಡಾರನೆ ಮತ್ತೆ ಬಸ್ಸಾಯಿತು. ಆ ಹೊತ್ತಿಗೆ ಮುದುಕಿ, “ನನ್ನ ಮನೆ ಎಲ್ಲಿದೆಯಪ್ಪಾ?” ಎಂದು ಕೇಳುವ ಮಾತು. ಅಳಬೇಕಾದ ಜಾಗ ಅದು. ಕತ್ತಲಲ್ಲಿ ಯಾರೋ ಮೊದಲು ಕಿಸಕ್ಕೆಂದರು. ಎರಡನೇ ಸುತ್ತಿಗೆ ಸೊಳ್ಳೆ ಬರುತ್ತಿದ್ದಂತೆ ಡ್ರೈವರನಿಗೆ ದನಿ ಕೊಟ್ಟ ಹಲ್ಲಿನ ಡಾಕ್ಟರೇ ತೊಡೆ ತಟ್ಟಿ ನಕ್ಕರು, ತಮ್ಮದೇ ನಾಟಕಕ್ಕೆ! ಮೂರನೇ ಸುತ್ತಿಗೆ ಇಡೀ ಹಾಲು ಬಿದ್ದು ಬಿದ್ದು ನಗುತ್ತಿತ್ತು.

ತಮಾಷೆಯೆಂದರೆ, ಮೇಸ್ತ್ರಿಗೆ ಜನ ಯಾಕೆ ನಗುತ್ತಿದ್ದಾರೆಂದೇ ತಿಳಿಯಲಿಲ್ಲ. ಅವನ ಮೇಜು ದೊಡ್ಡಪ್ಪನ ಕಾಲ ಬುಡದಲ್ಲಿ. ಅಲ್ಲಿ ಕೂತವನಿಗೆ ಯಾವಾಗಲೂ ಬಸ್ಸಿನ ಗುಡುಗಿನದೇ ಗುಂಗು. ಹನ್ನೊಂದು ವರ್ಷ ಅವನು ಸದ್ದನ್ನೆಲ್ಲ ಹದ ಮಾಡಿದ್ದು ಆ ಒಂದು ಕುರ್ಚಿಯಲ್ಲಿ ಕೂತು, ಆ ಒಂದು ಕುರ್ಚಿಗಾಗಿ. ಹಾಲಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೇಳುವ ಜಾಗದಲ್ಲಿ ತಾನೇ ಕೂತು, ಆಹಾ ಎಂಥ ನಾಟಕ ಎಂದು ತಾನೇ ತಲೆದೂಗುತ್ತಿದ್ದ ಮಹಾನುಭಾವ.

ಮಾರನೆಯ ದಿನ ದೊಡ್ಡ ಮೇಡಂ ಅಂಗಡಿಗೆ ಬಂದರು. ಬೈಯಲಿಲ್ಲ, ಅದೇ ಭಯ.

“ಮೇಸ್ತ್ರಿ, ಇನ್ನು ಮೂರು ವಾರಕ್ಕೆ ಇದೇ ನಾಟಕ ಇನ್ನೊಂದು ಸಲ ಆಡಿಸ್ತಾ ಇದೀವಿ. ಹೊಸದಾಗಿ ಬಂದಿದಾರಲ್ಲ, ಆ ಸೌಂಡ್ ಕಂಪನಿಯವರು, ಅವರ ಹತ್ರ ಒಂದೇ ಅಚ್ಚಿನ ಎಂಟು ಸ್ಪೀಕರ್ ಇದೆಯಂತೆ. ಕಮಿಟಿಯವರೆಲ್ಲ ಈಗಲೇ ಅವರನ್ನ ಕರೆಸೋಣ ಅಂದ್ರು. ನಾನೇ ತಡೆದೆ.”

“ತಡೆದದ್ದು ಒಳ್ಳೇದಾಯ್ತು ಮೇಡಂ. ಅದು ಜನರ ತಪ್ಪು, ನಾಟಕ ಕೇಳೋಕೆ ಬರಲ್ಲ ಅವರಿಗೆ.”

“ಜನ ಇನ್ನೊಂದು ಸಲ ನಕ್ಕರೆ ನಾನು ತಡೆಯೋದಿಲ್ಲ ಮೇಸ್ತ್ರಿ. ನಿಮ್ಮ ಕುರ್ಚಿ ಬಿಟ್ಟು ಬೇರೆ ಕಡೆ ಯಾರನ್ನಾದ್ರೂ ಕೂರಿಸಿ ಕೇಳಿಸಿ. ಅಷ್ಟು ಮಾಡಿ.”

ಅವರು ಹೋದ ಮೇಲೆ ಮೇಸ್ತ್ರಿ ಬಿಚ್ಚಿಟ್ಟಿದ್ದ ಮಿಕ್ಸಿಯನ್ನು ಮುಂದಕ್ಕೆಳೆದುಕೊಂಡ. ಆ ಹಾಲು ಕೈತಪ್ಪಿದರೆ ತನಗೆ ಉಳಿಯುವುದು ಮಿಕ್ಸಿ ಜಾರಿನ ಬ್ಲೇಡು ಮಾತ್ರ. ಒಂದೇ ಅಚ್ಚಿನ ಎಂಟು ಸ್ಪೀಕರಂತೆ! ಅದರಲ್ಲಿ ಏನು ದೊಡ್ಡಸ್ತಿಕೆ? ಎಂಟೂ ಒಂದೇ ತರ ಇದ್ದರೆ ನಡೆಸುವವನಿಗೆ ಏನು ಕೆಲಸ ಎಂದು ಗೋಡೆಯ ಕಡೆ ತಿರುಗಿ ಬೈದ. ಗೋಡೆ ಸುಮ್ಮನಿತ್ತು.

ಮೊದಲ ಉಪಾಯ ಮಾಡಿದ. ಸದ್ದಿನ ಜೋರು ಅಳೆಯುವ ಮೀಟರು ಹಿಡಿದು ಏಳು ಪೆಟ್ಟಿಗೆಯೂ ಮುಳ್ಳಿನ ಒಂದೇ ಗೆರೆಗೆ ಬರುವಂತೆ ಗುಂಡಿ ತಿರುಗಿಸಿದ. ಈಗ ಬಸ್ಸು, ಆಟೋ, ಹೊಲಿಗೆ ಮಷೀನು, ಸೊಳ್ಳೆ ಎಲ್ಲ ಸರಿಸಮ ಜೋರಾಗಿ ಬಂದವು. ಬಸ್ಸಿನಷ್ಟು ಜೋರಾದ ಸೊಳ್ಳೆಯನ್ನು ನೀವು ಕೇಳಿಲ್ಲ, ಕೇಳುವುದೂ ಬೇಡ. ಎರಡನೆಯ ಉಪಾಯ ಇನ್ನೂ ಘನವಾದದ್ದು. ಕೂಸಿಗೆ ಎಷ್ಟು ಶಕ್ಯವೋ ಎಲ್ಲರೂ ಅಷ್ಟೇ ಮಾತಾಡತಕ್ಕದ್ದು ಎಂದು ಆಜ್ಞೆ ಮಾಡಿ ದೊಡ್ಡಪ್ಪನಿಂದ ಹಿಡಿದು ಎಲ್ಲರ ಗಂಟಲನ್ನೂ ಹಿಸುಕಿದ. ಸಮಾನತೆ ಬಂತು. ಇಡೀ ಹಾಲಿನ ಸುತ್ತ ಒಂದು ಹೊಲಿಗೆ ಮಷೀನು ಪ್ರದಕ್ಷಿಣೆ ಹಾಕಿತು.

ಒಂದು ವಾರ ಹೀಗೇ ಕಳೆಯಿತು. ಆಗ ಮೇಡಂ ಹೇಳಿದ ಮಾತು ನೆನಪಾಯಿತು, ಅದೂ ಬೇರೆ ದಾರಿ ಇಲ್ಲದ್ದಕ್ಕೆ. ಯಾರನ್ನು ಕೂರಿಸುವುದು? ಗೆಳೆಯರನ್ನು ಕರೆದರೆ ನಗುತ್ತಾರೆ. ಉಳಿದವಳು ಹೆಂಡತಿ.

ಹೆಂಡತಿ ಮೂವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು, ಆರು ತಿಂಗಳ ಹಿಂದಷ್ಟೇ ನಿವೃತ್ತಿಯಾಗಿತ್ತು. ಭಾನುವಾರವೂ ಡ್ಯೂಟಿ ಇರುತ್ತಿದ್ದುದರಿಂದ ಕಿವಿನಾಟಕಕ್ಕೆ ಬಂದದ್ದು ನಾಲ್ಕೈದು ಸಲ. ಬಂದಾಗೆಲ್ಲ, “ಚೆನ್ನಾಗಿತ್ತು ರೀ” ಅಂದಿದ್ದಳು. ಇನ್ನೇನಾದರೂ ಹೇಳೇ ಎಂದರೆ, “ಚೆನ್ನಾಗಿತ್ತು ಅಂದ್ನಲ್ಲ” ಅಂದಿದ್ದಳು. ಇವಳಿಗೆ ಸದ್ದಿನ ಗಂಧ ಗಾಳಿ ಇಲ್ಲ ಎಂದು ಮೇಸ್ತ್ರಿ ಅಂದೇ ತೀರ್ಪು ಕೊಟ್ಟು ಕಡತ ಮುಚ್ಚಿದ್ದ.

“ಏನೇ, ನಾಳೆ ಮಧ್ಯಾಹ್ನ ಹಾಲ್‌ಗೆ ಬರ್ತೀಯಾ? ಒಂದು ಬಸ್ಸು ಕೇಳಬೇಕು.”

“ಬಸ್ಸು ಕೇಳೋಕೆ ಹಾಲ್‌ಗೆ ಯಾಕೆ ಬರಲಿ? ಬಾಗಿಲಲ್ಲಿ ನಿಂತ್ರೆ ಹತ್ತು ನಿಮಿಷಕ್ಕೊಂದು ಹೋಗುತ್ತೆ.”

“ತಮಾಷೆ ಬೇಡ. ಬರ್ತೀಯೋ ಇಲ್ವೋ?”

“ಬರ್ತೀನಿ ಮಹಾರಾಯರೇ.”

ಭಾನುವಾರ ಮಧ್ಯಾಹ್ನ ಅವಳನ್ನು ನಟ್ಟನಡುವಿನ ಕುರ್ಚಿಯಲ್ಲಿ ಕೂರಿಸಿದ. “ಕಣ್ಣು ಮುಚ್ಚು. ಬಸ್ಸು ಎಲ್ಲೆಲ್ಲಿ ಹೋಗುತ್ತೋ ಬೆರಳು ತೋರಿಸ್ತಾ ಹೋಗು. ಇಷ್ಟೇ ಕೆಲಸ. ಸಣ್ಣ ಮಗುವೂ ಮಾಡುತ್ತೆ” ಅಂದ.

ಬಸ್ಸು ದೊಡ್ಡಪ್ಪನ ಮೂಲೆಯಲ್ಲಿ, ಅಂದರೆ ಅವಳ ಎಡಗಡೆ ಮುಂದೆ, ಹೊರಟಿತು. ಅವಳು ಬಲಗಡೆ ತೋರಿಸಿದಳು. ಬಸ್ಸು ಬಲಕ್ಕೆ ಬಂತು, ಬಲಗಡೆ ತೋರಿಸಿದಳು. ಹಿಂದೆ ಹೋಯಿತು, ಬಲಗಡೆ. ಎಡಕ್ಕೆ ಬಂತು, ಅವಳ ಬೆರಳು ಬಲಗಡೆಯೇ ಕೀಲಿ ಹಾಕಿದಂತೆ ನಿಂತಿತ್ತು.

“ನಿದ್ದೆ ಮಾಡ್ತಿದ್ದೀಯಾ?”

“ಇಲ್ಲ ರೀ, ಕೇಳ್ತಾ ಇದೀನಿ.”

ಎಡಗಡೆ ಕಡಿಮೆಯಾಯಿತೇನೋ ಎಂದು ಮೇಸ್ತ್ರಿ ಎಡಗಡೆಯ ಗುಂಡಿಗಳನ್ನು ಏರಿಸಿದ. ಮತ್ತೆ ಬಲಗಡೆ. ಇನ್ನೂ ಏರಿಸಿದ. ಬಲಗಡೆ. ಸಿಟ್ಟು ನೆತ್ತಿಗೇರಿತು. ದೊಡ್ಡಪ್ಪನ ಗುಂಡಿಯನ್ನು ತುದಿಗೆ ಮುಟ್ಟಿಸಿದ. ಕಿಟಕಿಯ ಗಾಜುಗಳು ಕಟಕಟ ಎಂದವು, ಕೆಳಗಿನಿಂದ ಗ್ರಂಥಪಾಲಕರು ಬಡಿಗೆಯಿಂದ ಛಾವಣಿ ಕುಟ್ಟಿದರು. ಹೆಂಡತಿಯ ಬೆರಳು ಮಾತ್ರ ಬಲಗಡೆಯೇ.

“ಅಲ್ಲ ಕಣೇ! ಎಡಗಡೆ ಗೋಡೆ ಬೀಳೋ ಹಾಗೆ ಸದ್ದು ಮಾಡ್ತಾ ಇದ್ರೆ ಬಲಗಡೆ ತೋರಿಸ್ತೀಯಲ್ಲ, ಕಿವಿ ಏನು ಮನೇಲಿ ಬಿಟ್ಟು ಬಂದಿದ್ದೀಯಾ?”

ಅವಳು ಕಣ್ಣು ತೆರೆದಳು. ಸೆರಗಿನ ಅಂಚನ್ನು ಸರಿಮಾಡಿಕೊಂಡಳು. ಆಮೇಲೆ, “ನಂಗೆ ಎಡಗಿವಿ ಕೇಳಿಸಲ್ಲ ರೀ” ಅಂದಳು.

“ಯಾವಾಗಿಂದ? ನೆಗಡಿಯಾ?”

“ಒಂಬತ್ತನೇ ವರ್ಷದಿಂದ. ಮಂಗನಬಾವು ಬಂದಿತ್ತು. ಜ್ವರ ಬಿಟ್ಟಾಗ ಎಡಗಿವಿನೂ ಹೋಗಿತ್ತು.”

ಬಸ್ಸು ಇನ್ನೂ ಓಡುತ್ತಿತ್ತು. ಮೇಸ್ತ್ರಿ ಅದನ್ನು ನಿಲ್ಲಿಸಿದ. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಬೀದಿಯಲ್ಲಿ ನಿಂತು ಪಕ್ಕದ ಮನೆಯ ಫ್ಯಾನಿನ ಬೇರಿಂಗು ಹೇಳುವ ಕಿವಿಗೆ ಒಂದೇ ಮನೆಯೊಳಗೆ ಇದು ಗೊತ್ತಾಗಿರಲಿಲ್ಲ. “ಯಾಕೆ ಹೇಳಲಿಲ್ಲ?” ಎಂದು ಕೂಗಲು ಹೋದ, ದನಿ ಕೂಸಿನ ದನಿಯಷ್ಟೇ ಬಂತು.

“ಮದುವೆಗೆ ಮುಂಚೆ ಅಮ್ಮ ಹೇಳಬೇಡ ಅಂದ್ಲು. ಆಮೇಲೆ ಹೇಳೋಣ ಅಂದ್ರೆ ನೀವು ಬಂದವರಿಗೆಲ್ಲ ನನ್ನ ಕಿವಿ, ನನ್ನ ಕಿವಿ ಅಂತ ಭಾಷಣ ಬಿಗೀತಿದ್ರಿ. ಅಂಥವರ ಹತ್ರ ನಂಗೆ ಒಂದು ಕಿವಿ ಇಲ್ಲ ಅಂತ ಹೇಗೆ ಹೇಳಲಿ? ಒಂದು ವರ್ಷ ಆಯ್ತು, ಐದು ವರ್ಷ ಆಯ್ತು. ಆಮೇಲೆ ಇಷ್ಟು ದಿನ ಹೇಳಲಿಲ್ವಲ್ಲ ಅನ್ನೋದೇ ನಾಚಿಕೆ ಆಗೋಯ್ತು.”

ಮೇಸ್ತ್ರಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತ. ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ದಾರಿಯಲ್ಲಿ ಅವಳು ಯಾವಾಗಲೂ ಸುತ್ತು ಹಾಕಿ ಬಂದು ಅವನ ಎಡಕ್ಕೇ ನಡೆಯುತ್ತಿದ್ದಳು. ಅದು ಗಂಡನ ಮೇಲಿನ ಗೌರವ ಎಂದು ಅವನು ಷಡ್ಡಕನ ಮುಂದೆ, ನಿಜವಾದ ಷಡ್ಡಕನ ಮುಂದೆ, ಜಂಭ ಕೊಚ್ಚಿದ್ದ. ಇನ್ನು ಹಾಸಿಗೆಯಲ್ಲಿ ಮಲಗಿ ಅವನು ಗಿರಾಕಿಗಳನ್ನು, ಕಮಿಟಿಯವರನ್ನು, ಕಾಲವನ್ನು ಬೈದದ್ದೆಷ್ಟು! ಎದುರು ಮಾತಾಡದೆ ಎಲ್ಲ ಕೇಳಿಸಿಕೊಳ್ಳುವ ಹೆಂಡತಿ ಸಿಕ್ಕಿದಳಲ್ಲ ಎಂದು ಹಿಗ್ಗಿದ್ದೆಷ್ಟು! ಅವಳು ಬಲಮಗ್ಗುಲಾಗಿ ಮಲಗಿದರೆ ಒಳ್ಳೆಯ ಕಿವಿ ದಿಂಬಿನೊಳಗೆ. ಇಪ್ಪತ್ತೆಂಟು ವರ್ಷದ ಆ ಭಾಷಣಗಳಲ್ಲಿ ಅರ್ಧಕ್ಕರ್ಧ ಅವನು ಗೋಡೆಗೆ ಮಾಡಿದ್ದು.

“ನಾನು ಮಲಗಿ ಮಾತಾಡ್ತಿದ್ದದ್ದು...?”

“ಬೇಕಾದಾಗ ಕೇಳ್ತಿದ್ದೆ” ಅಂದಳು. “ಬೇಡವಾದಾಗ ಮಗ್ಗುಲು ಬದಲಾಯಿಸ್ತಿದ್ದೆ.”

ಮೇಸ್ತ್ರಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ಒಟ್ಟಿಗೆ ಮಾಡಿದ. ಅವಳು ಮುಖ ಆ ಕಡೆ ತಿರುಗಿಸಿಕೊಂಡು ಅವನಿಗೆ ಪುರುಸೊತ್ತು ಕೊಟ್ಟಳು. ಈ ನಾಟಕಗಳಲ್ಲಿ ಹಿಂದೆ ಮುಂದೆ ಓಡಾಡಿದ ಒಂದು ಹೆಜ್ಜೆ ಸದ್ದೂ ಅವಳ ಪಾಲಿಗೆ ಓಡಾಡಿರಲಿಲ್ಲ. ಎಲ್ಲವೂ ಬಲಗಡೆಯ ಒಂದೇ ತೂತಿನಿಂದ ಒಳಗೆ ಬಂದಿದ್ದವು. ಅದಕ್ಕೂ ಅವಳು “ಚೆನ್ನಾಗಿತ್ತು ರೀ” ಅಂದಿದ್ದಳು.

“ಸರಿ, ನಡಿ ಮನೆಗೆ” ಅಂದ. “ನಿನ್ನನ್ನ ಕೂರಿಸಿದ್ದೇ ತಪ್ಪಾಯ್ತು. ಬಿಡು, ಆ ಕಂಪನಿಯವರೇ ಬರಲಿ.”

“ಬಸ್ಸು ಎಲ್ಲಿ ಹೋಯ್ತು ಅಂತ ನಂಗೆ ಗೊತ್ತಿಲ್ಲ. ಆದ್ರೆ ಅದು ಒಂದು ಬಸ್ಸಲ್ಲ ರೀ. ಐದು.”

“ಏನಂದೆ?”

“ಮೊದಲು ಒಂದು ಬಸ್ಸು. ಆಮೇಲೆ ಬೇರೆ ಯಾವುದೋ ಬಂತು. ಆಮೇಲೆ ಇನ್ನೊಂದು, ಅದು ಪೂರ್ತಿ ಬಡಕಲು. ಆಮೇಲೆ ಮೂಗಿಂದು. ಆಮೇಲೆ ತಗಡಿಂದು. ನಿಮಗೆ ಕೇಳಿಸಲಿಲ್ವಾ?”

ಎರಡು ಕಿವಿ ಇದ್ದು ಸದ್ದು ಓಡಿಸುವವನಿಗೆ ಅದು ಎಲ್ಲಿ ಹೋಯಿತು ಎಂಬುದರ ಮೇಲೇ ಜೀವ. ಸದ್ದು ಸುತ್ತಿತು ತಾನೆ, ಹಾಗಾದರೆ ಎಲ್ಲ ಸರಿ ಎಂದು ಮೋಸಹೋಗುತ್ತಾನೆ. ಇವಳಿಗೆ ಆ ಆಮಿಷವಿಲ್ಲ. ಸದ್ದು ಕೂತಲ್ಲೇ ಕೂತಿದ್ದು ಮೈ ಮಾತ್ರ ಬದಲಾಯಿಸುತ್ತಿತ್ತು, ಆ ಮೈಯನ್ನು ಅವಳು ತಡವಿ ನೋಡಿದಂತೆ ಹೇಳುತ್ತಿದ್ದಳು.

“ಎಕ್ಸ್‌ಚೇಂಜಲ್ಲಿ ನಲವತ್ತು ಲೈನಿತ್ತು” ಅಂದಳು. “ಒಂದೊಂದಕ್ಕೆ ಒಂದೊಂದು ರೋಗ. ನೆಲಮಾಳಿಗೆ ಲೈನಲ್ಲಿ ದಪ್ಪ ದನಿ ಎಲ್ಲ ಸೋರಿಹೋಗೋದು. ಲಾಂಡ್ರಿ ಲೈನಲ್ಲಿ ಎಲ್ಲರಿಗೂ ನೆಗಡಿ. ಆದ್ರೂ ‘ಹಲೋ’ ಅಂದ ತಕ್ಷಣ ಇದು ಹೆರಿಗೆ ವಾರ್ಡಿನ ಸಿಸ್ಟರು ಅಂತ ಹೇಳ್ತಿದ್ದೆ.”

“ಹೇಗೆ?”

“ಎಂಥಾ ಕೆಟ್ಟ ಲೈನಲ್ಲೂ ನಡುವಿನ ದನಿ ಒಂದಿಷ್ಟು ಉಳಿಯುತ್ತಲ್ಲ, ಅದನ್ನ ಹಿಡ್ಕೋತಿದ್ದೆ. ಮಿಕ್ಕಿದ್ದು ಬಂದ್ರೆ ಬರಲಿ, ಹೋದ್ರೆ ಹೋಗಲಿ.”

ಮೇಸ್ತ್ರಿ ಹಣೆ ಚಚ್ಚಿಕೊಂಡ. ಸುತ್ತಬೇಕಾದದ್ದು ಆ ನಡುವಿನ ದನಿ. ಅಷ್ಟು ಹೇಳಲು ಕೂಸಿಗೂ ಉಸಿರಿದೆ. ಬಸ್ಸಿನ ಹೊಟ್ಟೆಯ ಗುಡುಗು ಸುತ್ತುವುದೇ ಬೇಡ. ಅಷ್ಟು ದಪ್ಪನೆಯ ಸದ್ದು ಯಾವ ಮೂಲೆಯಿಂದ ಬರುತ್ತದೆಂದು ಎರಡು ಕಿವಿ ಇದ್ದವರಿಗೂ ತಿಳಿಯುವುದಿಲ್ಲ. ಅದನ್ನು ದೊಡ್ಡಪ್ಪ ದೊಡ್ಡಮ್ಮ ಕೂತಲ್ಲೇ ಕೂತು ಮೆಲ್ಲಗೆ ಗೊಣಗುತ್ತಿರಲಿ, ಬಸ್ಸು ಎಲ್ಲಿದ್ದರೂ ಸರಿ. ಇದೇನು ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ, ಎಲ್ಲೋ ಓದಿದ್ದ. ಆದರೆ ತಾನು ಹೊತ್ತು ತಂದ ಪೆಟ್ಟಿಗೆಗಳಲ್ಲಿ ಒಂದಕ್ಕೆ ಆಗುವ ಕೆಲಸ ಇನ್ನೊಂದಕ್ಕೆ ಆಗುವುದಿಲ್ಲ ಎಂದು ಒಪ್ಪಿಕೊಳ್ಳಲು ಅವನ ಜಂಭ ಬಿಟ್ಟಿರಲಿಲ್ಲ.

ಅಂದಿನಿಂದ ಎರಡು ವಾರ ಮಧ್ಯಾಹ್ನ ಅಂಗಡಿಗೆ ಬೀಗ. ಹೆಂಡತಿ ನಡುವಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುವಳು. ಬಸ್ಸು ಮೈ ಬದಲಾಯಿಸಿತೆಂದರೆ ಬೆರಳೆತ್ತುವಳು. ಮೇಸ್ತ್ರಿ ಮೇಜಿಗೆ ಓಡಿಹೋಗಿ ಆ ಪೆಟ್ಟಿಗೆಯ ಗುಂಡಿಗಳನ್ನು ಕೂದಲೆಳೆಯಷ್ಟು ತಿರುಗಿಸುವನು. ಷಡ್ಡಕರಲ್ಲಿ ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ. ಭಾವನ ಮೂಗನ್ನು ಒಂದು ಜಾಗದಲ್ಲಿ ಒತ್ತಿ ಹಿಡಿದದ್ದಾಯಿತು. ಸೋದರತ್ತೆಯ ಕಿರುಚಾಟವನ್ನು ಎಷ್ಟು ಕತ್ತರಿಸಿದರೂ ಬೆರಳು ಏಳುತ್ತಲೇ ಇತ್ತು. ಕೊನೆಗೆ ಅದರ ಬಾಯಿಗೆ ಹಳೇ ಟವೆಲು ತುರುಕಿದಾಗ ಬೆರಳು ಏಳಲಿಲ್ಲ. ಆದರೂ ಮೇಸ್ತ್ರಿ ತನ್ನ ಕುರ್ಚಿಗೆ ಹೋಗಿ ಕೂತು, “ಇಲ್ಲಿಗೆ ಗುಡುಗು ಕಮ್ಮಿ ಆಯ್ತು ಕಣೇ” ಎಂದು ದೊಡ್ಡಪ್ಪನ ಗುಂಡಿಗೆ ಕೈಹಾಕುವನು. ಅವಳ ಬೆರಳು ತಕ್ಷಣ ಏಳುವುದು.

“ಕೈ ತೆಗೀರಿ.”

“ಸ್ವಲ್ಪವೇ...”

“ಕೈ ತೆಗೀರಿ ಅಂದೆ. ನೀವೊಬ್ರೇ ಕೇಳೋದಾದ್ರೆ ಮನೇಲೇ ಹಾಕ್ಕೊಂಡು ಕೇಳಿ.”

ನಾಟಕದ ಹಿಂದಿನ ದಿನ ಮಧ್ಯಾಹ್ನ ಬಸ್ಸು ಮೂರು ಸುತ್ತು ಬಂತು. ಬೆರಳು ಒಮ್ಮೆಯೂ ಏಳಲಿಲ್ಲ. ಅವಳು ಕಣ್ಣು ಬಿಟ್ಟು, “ಒಂದೇ ಬಸ್ಸು” ಅಂದಳು. ಮೇಸ್ತ್ರಿ ಪೆಟ್ಟಿಗೆಗೆ ಮೂರರಂತೆ ಇಪ್ಪತ್ತೊಂದು ಗುಂಡಿಗಳ ಮೇಲೂ ಅಂಟುಪಟ್ಟಿ ಹಚ್ಚಿದ. ತನ್ನ ಕೈಯ ಮೇಲೆ ತನಗೇ ನಂಬಿಕೆಯಿರಲಿಲ್ಲ.

ನಾಟಕದ ದಿನ ಒಂದು ಬಿಟ್ಟು ನಲವತ್ತು ಕುರ್ಚಿಯೂ ತುಂಬಿದವು. ಹಿಂದಿನ ಸಲ ನಕ್ಕವರೆಲ್ಲ, ಮತ್ತೆ ನಗಬಹುದೆಂಬ ಆಸೆಯಿಂದ ನೆಂಟರನ್ನೂ ಕರೆತಂದಿದ್ದರು. ಸೌಂಡ್ ಕಂಪನಿಯವನೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಹೆಂಡತಿ ನಡುವಿನ ಸಾಲಿನಲ್ಲಿ, ಅವಳ ಪಕ್ಕದ ಎರಡು ಕುರ್ಚಿಯಲ್ಲಿ ಎಡಗಡೆಯದಕ್ಕೆ ಯಾರೋ ಬಂದರು, ಬಲಗಡೆಯದು ದೊಡ್ಡ ಮೇಡಂ ಅವರದು, ಖಾಲಿ. ಅವರು ಬಾಗಿಲ ಬಳಿ ನಿಂತೇ ಇದ್ದರು. ಕೂರುವಷ್ಟು ಧೈರ್ಯ ಅವರಿಗೂ ಇರಲಿಲ್ಲ.

ದೀಪ ಆರಿತು. ಮೇಸ್ತ್ರಿ ಗುಂಡಿ ಒತ್ತಿ ನಾಟಕ ಬಿಟ್ಟ. ಇನ್ನು ಅವನಿಗೆ ಕೆಲಸವೇ ಇಲ್ಲ, ಸದ್ದಿನ ಓಡಾಟವೆಲ್ಲ ಲ್ಯಾಪ್‌ಟಾಪಿನಲ್ಲಿ ಮೊದಲೇ ಬರೆದಿಟ್ಟಿದೆ. ಸುಮ್ಮನೆ ಕೂರಬೇಕು. ಆದರೆ ಹನ್ನೊಂದು ವರ್ಷ ಪ್ರತಿ ನಾಟಕದಲ್ಲೂ ಕೊನೆಯ ತನಕ ಗುಂಡಿ ತಿರುಗಿಸಿದ ಕೈ ಸುಮ್ಮನಿರುತ್ತದೆಯೇ? ಡ್ರೈವರು ಮಾತಾಡುತ್ತಿದ್ದಂತೆ ಸೋದರತ್ತೆ ಒಂದು ಎಳೆ ಹೆಚ್ಚಾಯಿತೆನಿಸಿತು. ಮುದುಕಿ ಕೆಮ್ಮಿದಾಗ ಕೂಸು ಕಡಿಮೆಯಾಯಿತೆನಿಸಿತು. ಬೆರಳು ತಾನಾಗಿಯೇ ಹೋಗಿ ಒಂದು ಅಂಟುಪಟ್ಟಿಯ ತುದಿಯನ್ನು ಕೆರೆಯತೊಡಗಿತು. ಪಟ್ಟಿ ಅರ್ಧ ಕಿತ್ತುಬಂದಿತ್ತು. ಅಯ್ಯೋ ಹಾಳಾದವನೇ, ಈ ಕುರ್ಚಿಯಲ್ಲಿ ಕೂತರೆ ನೀನು ಉದ್ಧಾರವಾಗುವುದಿಲ್ಲ ಎಂದು ತನಗೆ ತಾನೇ ಬೈದುಕೊಂಡು ಎದ್ದ. ನಾಟಕ ನಡೆಯುವಾಗ ಅವನು ಆ ಕುರ್ಚಿ ಬಿಟ್ಟದ್ದು ಅದೇ ಮೊದಲು. ಕತ್ತಲಲ್ಲಿ ತಡವರಿಸುತ್ತ, ಯಾರದೋ ಕಾಲು ತುಳಿದು, ಯಾರಿಂದಲೋ ಬೈಸಿಕೊಂಡು, ಹೆಂಡತಿಯ ಬಲಗಡೆಯ ಖಾಲಿ ಕುರ್ಚಿಗೆ ಬಂದು ಕೂತ.

“ಯಾರದು?”

“ನಾನೇ.”

“ಅಲ್ಲಿ ಯಾರು ನೋಡ್ಕೋತಾರೆ?”

“ನಾನು ಅಲ್ಲಿಲ್ದೆ ಇರೋದೇ ಒಳ್ಳೇದು.”

ಬಸ್ಸು ಹೊರಟಿತು. ದೊಡ್ಡಪ್ಪನ ಮೂಲೆಯಿಂದ ದೊಡ್ಡಮ್ಮನ ಮೂಲೆಗೆ, ಅಲ್ಲಿಂದ ಬಲಗೋಡೆಗೆ. ಬಸ್ಸೇ. ಕೂಸಿನ ಹತ್ತಿರಕ್ಕೆ ಬಂತು, ಬಸ್ಸೇ. ಯಾರೂ ನಗಲಿಲ್ಲ. ಅದರ ಬದಲು ಇನ್ನೊಂದು ಸದ್ದು ಕೇಳಿಸಿತು: ಕುರ್ಚಿಗಳ ಕಿರ್ ಕಿರ್. ಕತ್ತಲಲ್ಲಿ ಜನ ಬಸ್ಸಿನ ಹಿಂದೆ ಹಿಂದೆ ತಿರುಗುತ್ತಿದ್ದರು. ಮುಂದಿನ ಸಾಲಿನ ಕುರ್ಚಿ ಕಿರುಗುಟ್ಟಿತು, ಬಲಗಡೆಯವು ಕಿರುಗುಟ್ಟಿದವು, ಹಿಂದೆ, ಎಡಕ್ಕೆ. ಅವನ ಪಕ್ಕದ ಒಂದು ಕುರ್ಚಿ ಮಾತ್ರ ಅಲುಗಲಿಲ್ಲ. ಅವಳು ನೇರವಾಗಿ ಕೂತಿದ್ದಳು. ಊರಿಗೆಲ್ಲ ಬಸ್ಸು ಓಡಿಸಿಕೊಟ್ಟವ‌ಳು ಅವಳು, ಅವಳಿಗೊಬ್ಬಳಿಗೆ ಬಸ್ಸು ನಿಂತಲ್ಲೇ ನಿಂತಿತ್ತು.

ಮೇಸ್ತ್ರಿಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದ. ಅವಳು ಬೆಚ್ಚಿದಳು. ಎರಡನೆಯ ಸುತ್ತಿಗೆ ಬಸ್ಸು ಹೊರಡುತ್ತಿದ್ದಂತೆ ಆ ಕೈಯನ್ನು ಎಡಗಡೆಯ ಮೂಲೆಗೆ ಚಾಚಿದ. ಬಸ್ಸಿನ ಜೊತೆಗೆ ಮೆಲ್ಲಗೆ ಮುಂದಕ್ಕೆ ತಂದ, ಬಲಕ್ಕೆ ತಂದ, ಹಿಂದಕ್ಕೆ ಹೋಗುವಾಗ ಅವಳ ಭುಜವೂ ತಿರುಗಿತು, ಅವಳ ಕುರ್ಚಿಯೂ ಕಿರ್ ಎಂದಿತು.

“ಹಿಂದೇನಾ?” ಎಂದು ಪಿಸುಗುಟ್ಟಿದಳು.

“ಹೂಂ, ಹಿಂದೆ. ಈಗ ಎಡಕ್ಕೆ ಬರ್ತಾ ಇದೆ.”

“ಅಷ್ಟು ದೂರ ಹೋಗುತ್ತಾ ಅದು?”

“ಹೋಗುತ್ತೆ.”

ಮುದುಕಿ ಮತ್ತೊಮ್ಮೆ, “ನನ್ನ ಮನೆ ಎಲ್ಲಿದೆಯಪ್ಪಾ?” ಎಂದು ಕೇಳಿದಳು. ಎಲ್ಲೋ ಯಾರೋ ಮೂಗು ಸೀಟಿದರು. ಮೂರನೆಯ ಸುತ್ತಿಗೆ ಅವಳ ಕೈಯನ್ನು ಅವನು ಒಯ್ಯುತ್ತಿದ್ದನೋ, ಅವನ ಕೈಯನ್ನು ಅವಳು ಒಯ್ಯುತ್ತಿದ್ದಳೋ ಗೊತ್ತಾಗಲಿಲ್ಲ. ಬಸ್ಸು ನಿಂತಿತು, ಬಾಗಿಲು ತೆರೆಯಿತು, ಮುದುಕಿ ಇಳಿದಳು.

ಚಪ್ಪಾಳೆ ಶುರುವಾಗುವ ಮೊದಲು ಕತ್ತಲಲ್ಲಿ ದೊಡ್ಡ ಮೇಡಂ ದನಿ ಕೇಳಿಸಿತು. ಅಳುತ್ತಿದ್ದರು. “ಮೇಸ್ತ್ರಿ, ಎಲ್ಲಿದೀರಿ? ಇನ್ನು ಯಾವ ಕಂಪನಿಯೂ ಬೇಡ ಮೇಸ್ತ್ರಿ!”

ಹೆಂಡತಿ ಮೇಸ್ತ್ರಿಯ ಕಡೆ ಬಾಗಿ, “ಮೇಡಂ ಎಲ್ಲಿಂದ ಕೂಗ್ತಾ ಇದಾರೆ?” ಎಂದು ಕೇಳಿದಳು. ಇಪ್ಪತ್ತೆಂಟು ವರ್ಷದಲ್ಲಿ ಅಂಥ ಪ್ರಶ್ನೆಯನ್ನು ಅವಳು ಅವನನ್ನು ಕೇಳಿದ್ದು ಅದೇ ಮೊದಲು. ಮೇಸ್ತ್ರಿ ಅವಳ ಕೈಯನ್ನು ಎಡಗಡೆಗೆ, ಬಾಗಿಲ ಕಡೆಗೆ ತಿರುಗಿಸಿ ತೋರಿಸಿದ. ಅಷ್ಟರಲ್ಲಿ ಯಾರೋ ದೀಪ ಹಾಕಿದರು. ಗಂಡ ಹೆಂಡತಿ ಕೈ ಕೈ ಹಿಡಿದುಕೊಂಡು ಬಾಗಿಲು ತೋರಿಸುತ್ತ ಕೂತಿರುವುದನ್ನು ಇಡೀ ಹಾಲು ನೋಡಿತು.